ಪಂಪ್ ಕೋವಿ ಜಾಮ್ ಆದರೆ: ಮೊದಲು ತೋಟಾ ಎಲ್ಲಿದೆ ನೋಡಿ

ಪಂಪ್ ಕೋವಿ ಜಾಮ್ ಆಗಿದೆ ಎಂದು ಗಾಬರಿಯಾಗುವ ಹೊಸಬರಲ್ಲಿ ಬಹಳ ಮಂದಿಯ ಕೋವಿ ಜಾಮೇ ಆಗಿರುವುದಿಲ್ಲ. ಅದು ಬೀಗ ಹಾಕಿಕೊಂಡು ಕೂತಿರುತ್ತದೆ, ಅಷ್ಟೆ. ಪಂಪನ್ನು ಪೂರ್ತಿ ಮುಂದಕ್ಕೆ ತಳ್ಳಿ ಮುಚ್ಚಿದ ಮೇಲೆ ಈಡು ಹಾರುವ ತನಕ ಅದು ಹಿಂದಕ್ಕೆ ಸರಿಯಬಾರದು. ಸರಿದರೆ ಸಿಡಿದ ಮದ್ದಿನ ಬೆಂಕಿ ಮುಖಕ್ಕೇ ಬರುತ್ತದೆ. ಈಡು ಹಾರಿಸದೆ ತೆರೆಯಬೇಕಾದರೆ ಒಂದು ಸಣ್ಣ ಗುಂಡಿ ಒತ್ತಬೇಕು. ರೆಮಿಂಗ್ಟನ್ 870ರಲ್ಲಿ ಅದು ಟ್ರಿಗರ್ ಬಳೆಯ ಮುಂದೆ ಇದೆ, ಮಾಸ್‌ಬರ್ಗ್ 500ರಲ್ಲಿ ಬಳೆಯ ಹಿಂದೆ. ನಿಮ್ಮ ಕೋವಿಯಲ್ಲಿ ಎಲ್ಲಿದೆ ಎಂದು ಮೊದಲ ದಿನವೇ ಬೆರಳಿಗೆ ರೂಢಿ ಮಾಡಿಸಿ. ಇದು ತಿಳಿಯದವರು ಪಂಪನ್ನು ಎಳೆದೂ ಎಳೆದೂ ಸಾಕಾಗಿ, ಕೊನೆಗೆ ಟ್ರಿಗರ್ ಎಳೆದರೆ ಬಿಟ್ಟುಕೊಳ್ಳುತ್ತದೆ ಎಂದು ಕಂಡುಕೊಳ್ಳುತ್ತಾರೆ. ಬಿಟ್ಟುಕೊಳ್ಳುವುದು ನಿಜ. ಒಳಗೆ ತೋಟಾ ಇದ್ದರೆ ಅದೂ ಹಾರುತ್ತದೆ. ಮನೆಯ ಜಗಲಿಯಲ್ಲಿ ಕೂತು ಕೋವಿ ಬಿಡಿಸುವಾಗ ಆಗುವ ಅನಾಹುತದ ಒಂದು ದಾರಿ ಇದು.

ದಾವಣಗೆರೆ ಜಿಲ್ಲೆಯ ನಲ್ಲೂರಿನ ಸುತ್ತಮುತ್ತ, ಅಂದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಯ ಅಡಿಕೆ ತೋಟಗಳಲ್ಲಿ ಕೋವಿ ಎಂದರೆ ನೆನಪಾಗುವುದು ಕೇಪಿನ ಕೋವಿ, ಒಂಟಿನಳಿಗೆ, ಇಲ್ಲವೆ ಅಜ್ಜನ ಕಾಲದ ಜೋಡುನಳಿಗೆ. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಮನೆಗಳಲ್ಲಿ ಹೆಚ್ಚಾಗಿ ಇರುವುದೂ ಇವೇ. ಜೋಡುನಳಿಗೆಯಲ್ಲಿ ಜಾಮ್ ಆಗಲು ಹೆಚ್ಚೇನೂ ಇಲ್ಲ. ಮಡಚಿ ಬಿಚ್ಚುತ್ತೀರಿ, ತೋಟಾ ಕಣ್ಣೆದುರೇ ಇರುತ್ತದೆ. ಪಂಪ್ ಕೋವಿ ಹಾಗಲ್ಲ. ತೋಟಾ ಕೊಳವೆಯಿಂದ ಹೊರಟು ನಳಿಗೆ ಸೇರುವವರೆಗೆ ನಿಮ್ಮ ಕಣ್ಣಿಗೆ ಬೀಳದೆ ಓಡಾಡುತ್ತದೆ. ಜೋಡುನಳಿಗೆಯಲ್ಲಿ ಕೈ ಪಳಗಿಸಿಕೊಂಡ ರೈತರೂ, ಸೈನ್ಯದಿಂದ ನಿವೃತ್ತರಾಗಿ ಬ್ಯಾಂಕಿನಲ್ಲೋ ಹಣದ ವ್ಯಾನಿನಲ್ಲೋ ಗನ್‌ಮ್ಯಾನ್ ಕೆಲಸಕ್ಕೆ ಸೇರಿದವರೂ ಪಂಪ್ ಕೋವಿ ಕೈಗೆ ಬಂದಾಗ ತಡವರಿಸುವುದು ಇದರಿಂದಲೇ. ರೈಫಲ್ ಹಿಡಿದು ಇಪ್ಪತ್ತು ವರ್ಷ ಕಳೆದವರಿಗೂ ಇದು ಹೊಸ ಯಂತ್ರವೇ.

ಯಂತ್ರವೇನೋ ಹಳೆಯದು. ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿದ ವಿಂಚೆಸ್ಟರ್ ಪಂಪ್ ಕೋವಿ 1897ರದು. ಇವತ್ತು ಎಲ್ಲರೂ ಹೆಸರು ಹೇಳುವ ರೆಮಿಂಗ್ಟನ್ 870 ಮಾರುಕಟ್ಟೆಗೆ ಬಂದದ್ದು 1950ರಲ್ಲಿ, ಮಾರಾಟ ಒಂದು ಕೋಟಿ ದಾಟಿದೆ. ನಮ್ಮಲ್ಲಿ ತಿರುಚಿರಾಪಳ್ಳಿಯ ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆ ಹನ್ನೆರಡು ಬೋರಿನ ಪಂಪ್ ಕೋವಿ ತಯಾರಿಸುತ್ತದೆ. ಕಂಪನಿ ಯಾವುದಾದರೂ ಒಳಗಿನ ಕ್ರಮ ಹೆಚ್ಚುಕಡಿಮೆ ಒಂದೇ. ಅದನ್ನು ಒಮ್ಮೆ ಮನಸ್ಸಿಗೆ ತಂದುಕೊಂಡರೆ ಜಾಮ್ ಎಂಬುದು ಭೂತದಂತೆ ಕಾಣುವುದು ನಿಲ್ಲುತ್ತದೆ.

ಆದರೆ ಅದಕ್ಕೂ ಮೊದಲಿನ ಮಾತು. ಜಾಮ್ ಆದ ಕೋವಿಯನ್ನು ಖಾಲಿ ಕೋವಿ ಎಂದುಕೊಳ್ಳಬೇಡಿ. ಎಲ್ಲೋ ಒಂದು ತೋಟಾ ಸಿಕ್ಕಿಕೊಂಡಿದೆ ಎಂದೇ ಅದು ಜಾಮ್ ಆಗಿರುವುದು. ನಳಿಗೆ ಯಾರೂ ಇಲ್ಲದ ಕಡೆಗೆ, ಮಣ್ಣಿನ ದಿಬ್ಬ ಸಿಕ್ಕರೆ ಅದರ ಕಡೆಗೆ ಇರಲಿ. ಬೆರಳು ಟ್ರಿಗರ್ ಬಳೆಯಿಂದ ಹೊರಗೆ ಬರಲಿ, ಸೇಫ್ಟಿ ಹಾಕಿ. ಕೋವಿಯ ಹಿಂಭಾಗವನ್ನು ನೆಲಕ್ಕೆ ಕುಟ್ಟಿ ಬಿಡಿಸುವ ಒಂದು ವಿದ್ಯೆ ಉಂಟು, ಅದನ್ನು ಕಲಿಯಬೇಡಿ. ಹಾಗೆ ಕುಟ್ಟುವಾಗ ನಳಿಗೆಯ ಬಾಯಿ ನಿಮ್ಮ ಗದ್ದದ ಹತ್ತಿರ ಇರುತ್ತದೆ.

ಇನ್ನು ತೋಟಾ ಹೋಗುವ ದಾರಿ ನೋಡೋಣ. ನಳಿಗೆಯ ಕೆಳಗೆ ಅದಕ್ಕೆ ಅಂಟಿದಂತೆ ಇನ್ನೊಂದು ಕೊಳವೆ ಇದೆ. ಅದರೊಳಗೆ ಉದ್ದನೆಯ ಸ್ಪ್ರಿಂಗು, ಸ್ಪ್ರಿಂಗಿನ ತುದಿಗೆ ಒಂದು ಟೋಪಿ. ತೋಟಾಗಳು ಒಂದರ ಹಿಂದೆ ಒಂದು ಮಲಗಿರುತ್ತವೆ, ಸ್ಪ್ರಿಂಗು ಅವನ್ನು ಸದಾ ಹಿಂದಕ್ಕೆ ನೂಕುತ್ತಿರುತ್ತದೆ. ಕೊಳವೆಯ ಬಾಯಲ್ಲಿ ಎಡಕ್ಕೊಂದು ಬಲಕ್ಕೊಂದು ತಡೆಪಟ್ಟಿಗಳು. ಪಂಪನ್ನು ಹಿಂದಕ್ಕೆ ಎಳೆದಾಗ ಮೊದಲು ಬೋಲ್ಟಿನ ಉಗುರು ಸುಟ್ಟ ತೋಟಾವನ್ನು ನಳಿಗೆಯಿಂದ ಕಿತ್ತು ಹೊರಬಾಯಿಯಿಂದ ಆಚೆಗೆ ಎಸೆಯುತ್ತದೆ. ಎಳೆತದ ಕಟ್ಟಕಡೆಯಲ್ಲಿ, ಇದನ್ನು ಗಮನಿಸಿ, ಕಟ್ಟಕಡೆಯಲ್ಲಿ, ಒಂದು ತಡೆಪಟ್ಟಿ ಸರಿದು ಒಂದೇ ಒಂದು ತೋಟಾವನ್ನು ಹಿಂದಕ್ಕೆ ಬಿಡುತ್ತದೆ. ಇನ್ನೊಂದು ಪಟ್ಟಿ ಅದರ ಹಿಂದಿನದನ್ನು ಹಿಡಿದು ನಿಲ್ಲಿಸುತ್ತದೆ. ಬಿಟ್ಟ ತೋಟಾ ಎತ್ತುವ ತಟ್ಟೆಯ ಮೇಲೆ, ಲಿಫ್ಟರ್ ಅನ್ನುತ್ತಾರೆ, ಬಂದು ಮಲಗುತ್ತದೆ. ಪಂಪನ್ನು ಮುಂದಕ್ಕೆ ತಳ್ಳಿದರೆ ತಟ್ಟೆ ಅದನ್ನು ಎತ್ತಿ ಹಿಡಿಯುತ್ತದೆ, ಬೋಲ್ಟು ಅದನ್ನು ನಳಿಗೆಯ ಬುಡದ ಚೇಂಬರಿಗೆ ನೂಕಿ ಬೀಗ ಹಾಕಿಕೊಳ್ಳುತ್ತದೆ.

ಕೊಳವೆ, ತಡೆಪಟ್ಟಿ, ತಟ್ಟೆ, ಚೇಂಬರು, ಹೊರಬಾಯಿ. ಜಾಮ್ ಆದಾಗ ನೀವು ಕೇಳಬೇಕಾದ ಪ್ರಶ್ನೆ ಒಂದೇ: ತೋಟಾ ಇವುಗಳಲ್ಲಿ ಎಲ್ಲಿ ನಿಂತಿದೆ? ಹೊರಬಾಯಿಯಿಂದ ಇಣುಕಿ, ಕೋವಿಯನ್ನು ಮಗುಚಿ ಕೆಳಗಿನ ಕಿಂಡಿಯಿಂದಲೂ ಇಣುಕಿ. ಕತ್ತಲಿದ್ದರೆ ಟಾರ್ಚ್ ಹಿಡಿಯಿರಿ. ನಿಂತ ಜಾಗ ಗೊತ್ತಾದರೆ ಕಾರಣ ತಾನಾಗಿಯೇ ಹೊರಬರುತ್ತದೆ. ಜಾಗ ನೋಡದೆ ಪಂಪನ್ನು ಜೋರಾಗಿ ಹಿಂದೆ ಮುಂದೆ ಎಳೆದಾಡುವವರು ಸಣ್ಣ ತೊಂದರೆಯನ್ನು ದೊಡ್ಡದು ಮಾಡಿಕೊಳ್ಳುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಕಾಣುವುದು ಅರ್ಧ ಎಳೆತ. ಈಡು ಹಾರಿದ ಮೇಲೆ ಗಾಬರಿಗೋ ಅವಸರಕ್ಕೋ ಪಂಪನ್ನು ಮುಕ್ಕಾಲು ಎಳೆದು ಮುಂದಕ್ಕೆ ತಳ್ಳುತ್ತೀರಿ. ಕಟ್ಟಕಡೆಯಲ್ಲಿ ಸರಿಯಬೇಕಾದ ತಡೆಪಟ್ಟಿ ಸರಿಯಲೇ ಇಲ್ಲ, ಹೊಸ ತೋಟಾ ಬರಲೇ ಇಲ್ಲ. ಬೋಲ್ಟು ಖಾಲಿ ಚೇಂಬರಿನ ಮೇಲೆ ಮುಚ್ಚಿಕೊಂಡಿತು. ಟ್ರಿಗರ್ ಎಳೆದರೆ ‘ಟಿಕ್’ ಎಂದು ಸುಮ್ಮನಾಗುತ್ತದೆ, ಕೆಲವೊಮ್ಮೆ ಅದೂ ಇಲ್ಲ. ಇನ್ನೂ ಕಡಿಮೆ ಎಳೆದಿದ್ದರೆ ಸುಟ್ಟ ತೋಟಾ ಹೊರಬೀಳದೆ ಮತ್ತೆ ನಳಿಗೆಗೇ ಹೋಗಿ ಕೂತಿರುತ್ತದೆ, ಅಥವಾ ಹೊರಬಾಯಿಯಲ್ಲಿ ಅಡ್ಡ ಸಿಕ್ಕಿ ಇಣುಕುತ್ತಿರುತ್ತದೆ. ಹಿಂದೆ ಕೊನೆಯವರೆಗೆ, ಮುಂದೆ ಕೊನೆಯವರೆಗೆ, ನಡುವೆ ಅನುಮಾನವಿಲ್ಲದೆ ಎಳೆದರೆ ಇದು ನಿಲ್ಲುತ್ತದೆ. ಹೊಸಬರು ಕೋವಿಗೆ ನೋವಾದೀತೇನೋ ಎಂಬಂತೆ ನಾಜೂಕಾಗಿ ಎಳೆಯುತ್ತಾರೆ. ಪಂಪ್ ಕೋವಿಗೆ ನಾಜೂಕು ಆಗಿಬರುವುದಿಲ್ಲ. ಮದ್ದಿಲ್ಲದ ಡಮ್ಮಿ ತೋಟಾಗಳನ್ನು ಇಟ್ಟುಕೊಂಡು ಅಭ್ಯಾಸ ಮಾಡಿ. ಆ ಹೊತ್ತಿನಲ್ಲಿ ಅಸಲಿ ತೋಟಾಗಳು ಬೇರೆ ಕೋಣೆಯಲ್ಲಿ ಬೀಗದೊಳಗೆ ಇರಲಿ. ಲೈಸೆನ್ಸಿಗೆ ಅರ್ಜಿ ಹಾಕುವವರು ತರಬೇತಿ ಪ್ರಮಾಣಪತ್ರ ಕೊಡಬೇಕು ಎಂಬ ನಿಯಮ 2016ರ ಆಯುಧ ನಿಯಮಗಳಲ್ಲಿ ಇದೆ. ಪೊಲೀಸ್ ಇಲಾಖೆಯವರು ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರಕ್ಕೆ ಹೋದರೆ ಕಾಗದ ಪಡೆದು ಬಂದುಬಿಡಬೇಡಿ, ಈ ಎಳೆತವನ್ನು ಅಲ್ಲಿನ ಉಸ್ತಾದರ ಮುಂದೆ ಮಾಡಿ ತೋರಿಸಿ.

ಎರಡನೆಯದು ಸ್ವಲ್ಪ ತಲೆನೋವಿನದು. ಪಂಪು ಅರ್ಧದಲ್ಲಿ ನಿಂತುಬಿಟ್ಟಿದೆ, ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಮಗುಚಿ ನೋಡಿದರೆ ಒಂದು ತೋಟಾ ತಟ್ಟೆಯ ಮೇಲೆ, ಇನ್ನೊಂದು ಅದರ ಬೆನ್ನಿಗೇ ಬಂದು ತಟ್ಟೆಯ ಅಡಿಯಲ್ಲಿ ಸಿಕ್ಕಿದೆ. ಅಡಿಕೆ ಸುಲಿಯುವ ಯಂತ್ರದ ಬಾಯಿಗೆ ಎರಡು ಕಾಯಿ ಒಟ್ಟಿಗೆ ನುಗ್ಗಿದಂತೆ. ಇದಕ್ಕೆ ಕಾರಣ ಎರಡು. ಒಂದು, ತಡೆಪಟ್ಟಿ ಸವೆದಿದೆ, ಸಡಿಲವಾಗಿದೆ, ಅಥವಾ ಅದರಡಿ ಕೊಳೆ ಕೂತು ಪೂರ್ತಿ ಹೊರಗೆ ಚಾಚಿಕೊಳ್ಳುತ್ತಿಲ್ಲ. ಇನ್ನೊಂದು ನಾವೇ ಮಾಡುವಂಥದ್ದು. ಕೊಳವೆಗೆ ತೋಟಾ ತುಂಬುವಾಗ ಹೆಬ್ಬೆರಳನ್ನು ಬೇಗ ತೆಗೆದುಬಿಡುತ್ತೇವೆ. ತೋಟಾದ ಹಿತ್ತಾಳೆ ಅಂಚು ತಡೆಪಟ್ಟಿಯನ್ನು ದಾಟಿ ‘ಕಟಕ್’ ಎಂದು ಸಿಕ್ಕುವವರೆಗೆ ಹೆಬ್ಬೆರಳಿನ ತುದಿ ಕೊಳವೆಯೊಳಗೆ ಹೋಗಲೇಬೇಕು. ಆ ಸದ್ದು ಕೇಳದಿದ್ದರೆ ತೋಟಾ ಮೆಲ್ಲಗೆ ಹಿಂದೆ ಜಾರಿ ಬಂದು ಎಲ್ಲವನ್ನೂ ಕಟ್ಟಿಹಾಕುತ್ತದೆ. ಉಗುರು ನೋಯುತ್ತದೆ, ನಿಜ. ಎರಡು ವಾರದಲ್ಲಿ ಅಭ್ಯಾಸವಾಗುತ್ತದೆ.

ಬಿಡಿಸುವುದು ಹೀಗೆ. ಪಂಪನ್ನು ಸಾಧ್ಯವಾದಷ್ಟು ಹಿಂದಕ್ಕೆ ಬಿಗಿಯಾಗಿ ಹಿಡಿದುಕೊಳ್ಳಿ. ಕೋವಿಯನ್ನು ಮಗುಚಿ, ಕೆಳಗಿನ ಕಿಂಡಿಯಿಂದ ಬೆರಳು ಹಾಕಿ, ಅಡಿಯಲ್ಲಿ ಸಿಕ್ಕ ತೋಟಾವನ್ನು ಮುಂದಕ್ಕೆ, ಕೊಳವೆಯೊಳಕ್ಕೆ ‘ಕಟಕ್’ ಎನ್ನುವವರೆಗೆ ನೂಕಿ. ಆಗ ಮೇಲಿನದಕ್ಕೆ ಜಾಗ ಸಿಗುತ್ತದೆ, ಹೊರಬಾಯಿ ಕೆಳಗೆ ಬರುವಂತೆ ವಾಲಿಸಿದರೆ ಅದು ಉದುರುತ್ತದೆ. ರೆಮಿಂಗ್ಟನ್ 870ರ ಹಳೆಯ ಮಾದರಿಗಳಲ್ಲಿ ಎತ್ತುವ ತಟ್ಟೆ ಗಟ್ಟಿಯಾಗಿತ್ತು, ಹೀಗೆ ಸಿಕ್ಕಿಕೊಂಡರೆ ಬಿಡಿಸುವುದು ಪಡಿಪಾಟಲು. ಆಮೇಲಿನ ಮಾದರಿಗಳಲ್ಲಿ ಕಂಪನಿಯವರು ತಟ್ಟೆಗೆ ಸೀಳು ಕೊಟ್ಟು ಬಾಗುವ ನಾಲಿಗೆ ಇಟ್ಟರು. ಪಂಪನ್ನು ಬಲವಾಗಿ ಹಿಂದಕ್ಕೆ ಎಳೆದರೆ ಬಿಟ್ಟುಕೊಳ್ಳುತ್ತದೆ. ತಟ್ಟೆಯಲ್ಲಿ ಸೀಳು ಇದೆಯೇ ಎಂದು ನೋಡಿದರೆ ನಿಮ್ಮದು ಯಾವುದು ಎಂದು ಗೊತ್ತಾಗುತ್ತದೆ. ಬೆರಳಿಗೆ ಬಗ್ಗದಿದ್ದರೆ ಸ್ಕ್ರೂಡ್ರೈವರಿನ ಚೂಪನ್ನು ತೋಟಾದ ಹಿಂಬದಿಗೆ ಮಾತ್ರ ತಾಗಿಸಬೇಡಿ. ಅಲ್ಲಿ ನಡುವೆ ಕಾಣುವ ಪುಟ್ಟ ಬಿಲ್ಲೆಯೇ ಕೇಪು.

ತೋಟಾದ ಕಡೆಯ ತೊಂದರೆಗಳು ನಮ್ಮ ಸೀಮೆಯಲ್ಲಿ ಜಾಸ್ತಿ. ಖಡಕಿಯ ಕಾರ್ಖಾನೆಯ, ಹಿಂಬದಿಗೆ ಕೆಎಫ್ ಎಂದು ಮುದ್ರೆಯಿರುವ ತೋಟಾಗಳೇ ಬಹುಪಾಲು ಮನೆಗಳಲ್ಲಿ ಇರುವುದು. 65 ಮಿಲಿಮೀಟರಿನದೂ ಸಿಗುತ್ತದೆ, 70ರದೂ ಸಿಗುತ್ತದೆ. ಈ ಅಳತೆ ಈಡು ಹಾರಿ ಬಾಯಿ ಬಿಚ್ಚಿಕೊಂಡ ತೋಟಾದ ಉದ್ದ. ಹಾಗಾಗಿ ಹೊಸ ತೋಟಾ ಇದಕ್ಕಿಂತ ಗಿಡ್ಡಕ್ಕೆ ಕಾಣುತ್ತದೆ, ಸ್ಕೇಲ್ ಹಿಡಿದು ಅಳೆದು ಮೋಸಹೋಗಬೇಡಿ, ಡಬ್ಬಿಯ ಮೇಲೆ ಬರೆದದ್ದನ್ನು ಓದಿ. ನಳಿಗೆಯ ಮೇಲೂ ಚೇಂಬರಿನ ಅಳತೆ ಕೆತ್ತಿರುತ್ತದೆ. ಕೆತ್ತಿದ್ದಕ್ಕಿಂತ ಉದ್ದದ ತೋಟಾ ಹಾಕಬಾರದು. ಕೆಲವೊಮ್ಮೆ ಅದು ಸಲೀಸಾಗಿ ಒಳಗೆ ಹೋಗಿಬಿಡುತ್ತದೆ, ಅಪಾಯ ಇರುವುದೇ ಅಲ್ಲಿ. ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಗಿಡ್ಡದ್ದು ಹಾಕಿದರೆ ಅಪಾಯವಿಲ್ಲ, ಆದರೆ ಕೆಲವು ಕೋವಿಗಳಲ್ಲಿ ತಟ್ಟೆಯ ಮೇಲೆ ಮೂತಿ ಓರೆಯಾಗಿ ಚೇಂಬರಿನ ಅಂಚಿಗೆ ಬಡಿದು ನಿಲ್ಲುತ್ತದೆ.

ಹಳೆಯ ಕಾಗದದ ತೋಟಾ ಇನ್ನೂ ಇಟ್ಟುಕೊಂಡವರು ಇದ್ದಾರೆ. ಮಳೆಗಾಲದ ತೇವಕ್ಕೆ ಕಾಗದ ಉಬ್ಬುತ್ತದೆ. ಜೋಡುನಳಿಗೆಗೆ ಹೆಬ್ಬೆರಳಿನಿಂದ ಒತ್ತಿ ಸೇರಿಸಿಬಿಡಬಹುದಾದದ್ದು ಪಂಪ್ ಕೋವಿಯ ಚೇಂಬರಿನಲ್ಲಿ ಮುಕ್ಕಾಲು ಹೋಗಿ ಕಚ್ಚಿಕೊಳ್ಳುತ್ತದೆ. ಅಡಿಕೆಯ ಜೊತೆ ಅಂಗಳದ ಬಿಸಿಲಿಗೆ ಹರವಿ ಒಣಗಿಸಿದರೆ ಸರಿಹೋಗುತ್ತದೆ ಎಂಬ ಸಲಹೆ ಕೇಳಿದರೆ ನಕ್ಕು ಸುಮ್ಮನಾಗಿ. ಉಬ್ಬಿದ್ದು ಪೂರ್ತಿ ಇಳಿಯುವುದಿಲ್ಲ, ಮದ್ದು ಕೆಟ್ಟಿದೆಯೋ ಇಲ್ಲವೋ ಹೊರಗಿನಿಂದ ತಿಳಿಯುವುದೂ ಇಲ್ಲ.

ಗನ್‌ಮ್ಯಾನ್‌ಗಳ ತೋಟಾದ ಕಥೆ ಬೇರೆ. ಅವರು ಈಡು ಹಾರಿಸುವುದೇ ಅಪರೂಪ. ಅವೇ ತೋಟಾಗಳನ್ನು ಬೆಳಿಗ್ಗೆ ತುಂಬಿ ಸಂಜೆ ತೆಗೆದು, ವರ್ಷಗಟ್ಟಲೆ ಚರ್ಮದ ಬೆಲ್ಟಿನಲ್ಲಿ ಸಿಕ್ಕಿಸಿಕೊಂಡು ಓಡಾಡುತ್ತಾರೆ. ಅಂಥದೊಂದು ತೋಟಾವನ್ನು ಕೈಗೆ ತೆಗೆದುಕೊಂಡು ನೋಡಿ. ಹಿತ್ತಾಳೆಯ ಸುತ್ತ ಹಸಿರು ಕಿಲುಬು, ಅದು ಚರ್ಮ ಹದಮಾಡಿದ ರಸಾಯನದ ಮತ್ತು ಬೆವರಿನ ಕೊಡುಗೆ. ಅಂಚಿನಲ್ಲಿ ಉಗುರು ಮತ್ತೆ ಮತ್ತೆ ಕಚ್ಚಿದ ಗೀರುಗಳು. ಮುಂದುಗಡೆ ಮಡಿಸಿ ಮುಚ್ಚಿದ ಬಾಯಿ ಪ್ರತಿಸಲ ಬಡಿಸಿಕೊಂಡು ಚೂರು ಚೂರೇ ಅರಳಿದೆ. ಅರಳಿದ ಬಾಯಿಂದ ಒಂದೆರಡು ಚರೆ ಉದುರಿದರೆ ಮುಗಿಯಿತು. ಸಾಸಿವೆಗಿಂತ ಸ್ವಲ್ಪ ದೊಡ್ಡ ಸೀಸದ ಗುಂಡು ಬೋಲ್ಟಿನ ಹಳಿಗೆ ಸಿಕ್ಕಿದರೆ ಪಂಪು ಅಲ್ಲೇ ನಿಲ್ಲುತ್ತದೆ, ಎಷ್ಟು ಹುಡುಕಿದರೂ ಕಾರಣ ಸಿಗುವುದಿಲ್ಲ. ಕೋವಿಯನ್ನು ಬೆಳಿಗ್ಗೆ ಸಂಜೆ ಖಾಲಿ ಮಾಡುವಾಗ ಪಂಪ್ ಎಳೆದೆಳೆದು ಒಂದೊಂದೇ ತೋಟಾವನ್ನು ಚೇಂಬರಿಗೆ ಹಾಯಿಸಿ ಉದುರಿಸಬೇಕಾಗಿಯೂ ಇಲ್ಲ. ಚೇಂಬರಿನದನ್ನು ತೆಗೆದ ಮೇಲೆ, ಕೆಳಗಿನ ಕಿಂಡಿಯಿಂದ ತಡೆಪಟ್ಟಿಯನ್ನು ಬೆರಳಿನಿಂದ ಒತ್ತಿದರೆ ಬಹಳಷ್ಟು ಕೋವಿಗಳಲ್ಲಿ ಕೊಳವೆಯ ತೋಟಾಗಳು ಒಂದೊಂದಾಗಿ ಕೈಗೇ ಜಾರುತ್ತವೆ. ಎಲ್ಲ ಮುಗಿದ ಮೇಲೆ ಚೇಂಬರಿಗೂ ಕೊಳವೆಗೂ ಕಿರುಬೆರಳು ಹಾಕಿ ಮುಟ್ಟಿ ನೋಡಿ. ಕಣ್ಣು ಮೋಸಹೋಗಬಹುದು.

‘ಟಿಕ್’ ಎಂದು ಈಡು ಹಾರದಿದ್ದರೆ ತಕ್ಷಣ ಪಂಪ್ ಎಳೆಯಬೇಡಿ. ಕೇಪು ತಡವಾಗಿ ಹೊತ್ತಿಕೊಳ್ಳಬಹುದು. ನಳಿಗೆಯನ್ನು ಅದೇ ಕಡೆಗೆ ಹಿಡಿದು ಒಂದು ನಿಮಿಷ ಕಾಯಿರಿ, ಆಮೇಲೆ ತೆರೆಯಿರಿ. ಇದಕ್ಕಿಂತ ಕೆಟ್ಟದ್ದು ‘ಪುಸ್’ ಎಂಬ ಮೆತ್ತನೆಯ ಸದ್ದು. ತೋಟಾದೊಳಗಿನ ಬಿರಡೆ ನಳಿಗೆಯ ನಡುವೆಯೇ ನಿಂತಿರಬಹುದು, ಮುಂದಿನ ಈಡು ಹಾರಿಸಿದರೆ ನಳಿಗೆ ಸೀಳುತ್ತದೆ. ಕೋವಿ ಪೂರ್ತಿ ಖಾಲಿ ಮಾಡಿ, ನಳಿಗೆ ಬಿಚ್ಚಿ, ಬುಡದ ಕಡೆಯಿಂದ ಬೆಳಕಿಗೆ ಹಿಡಿದು ನೋಡದೆ ಮುಂದಕ್ಕೆ ಹೋಗಬಾರದು. ತಿಂಗಳುಗಟ್ಟಲೆ ಗೋಡೆಗೆ ಒರಗಿಸಿಟ್ಟ ಕೋವಿಯಲ್ಲೂ ಇದನ್ನೇ ಮಾಡಿ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಹನ್ನೆರಡು ಬೋರಿನ ನಳಿಗೆ ಅಂದರೆ ಹೇಳಿ ಮಾಡಿಸಿದ ಮನೆ.

ಎಣ್ಣೆಯ ವಿಷಯ. ಮನೆಯಲ್ಲಿದೆ ಎಂದು ಕೊಬ್ಬರಿ ಎಣ್ಣೆ ಹಾಕುತ್ತಾರೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಮೇ ತಿಂಗಳಲ್ಲಿ ಚೆನ್ನಾಗಿದ್ದ ಕೋವಿ ಮಾಗಿಯ ಬೆಳಗಿನ ಜಾವ ತೋಟದಲ್ಲಿ ಕೈಕೊಡುತ್ತದೆ. ಕೊಳವೆಯೊಳಗಿನ ಸ್ಪ್ರಿಂಗಿನ ಟೋಪಿ ಬಿಳಿ ಜಿಡ್ಡಿನಲ್ಲಿ ಹೂತು, ತೋಟಾವನ್ನು ನೂಕುವ ಬದಲು ನಿಧಾನಕ್ಕೆ ತೆವಳುತ್ತದೆ. ಹಿಂದೆ ಎಳೆದರೂ ತೋಟಾ ತಟ್ಟೆಗೆ ಬರುವುದಿಲ್ಲ. ಕೋವಿಯ ಎಣ್ಣೆ ಸಿಗದಿದ್ದರೆ ಹೊಲಿಗೆ ಯಂತ್ರದ ತೆಳು ಎಣ್ಣೆ ಸಾಕು, ಅದೂ ಹನಿ ಲೆಕ್ಕದಲ್ಲಿ. ಸವರಿ, ಮತ್ತೆ ಒಣ ಬಟ್ಟೆಯಲ್ಲಿ ಒರೆಸಿ. ಕೊಳವೆಯೊಳಗೆ ಎಣ್ಣೆ ಉಳಿದರೆ ಅಡಿಕೆ ಸಿಪ್ಪೆಯ ಪುಡಿ, ಧೂಳು ಎಲ್ಲ ಅಂಟಿಕೊಳ್ಳುತ್ತದೆ. ಸಾಲದ್ದಕ್ಕೆ ತೋಟಾದ ಕೇಪಿಗೂ ಇಳಿದು ಅದನ್ನು ಕೆಡಿಸುತ್ತದೆ. ಸೀಮೆಎಣ್ಣೆಯಲ್ಲಿ ತೊಳೆಯುವವರು ತೊಳೆದ ಮೇಲೆ ಹಾಗೇ ಬಿಡಬೇಡಿ, ಒರೆಸಿ ಎಣ್ಣೆ ಸವರದಿದ್ದರೆ ತುಕ್ಕು ಹಿಡಿಯುತ್ತದೆ. ಆಯುಧಪೂಜೆಯ ಮರುದಿನವೇ ಕೋವಿಯ ವಿಭೂತಿ, ಕುಂಕುಮ, ನಿಂಬೆರಸ ಒರೆಸಿಬಿಡಿ, ದೇವರು ಬೇಸರ ಮಾಡಿಕೊಳ್ಳುವುದಿಲ್ಲ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಯನ್ನು ಒರೆಸಿ ತಿಕ್ಕಿ ಇಟ್ಟು, ನಳಿಗೆಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ನಾವೂ ಆ ಒರೆಸುವ ಭಾಗವನ್ನು ಕಲಿಯಬಹುದು.

ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಜಮಾ ಮಾಡುವುದು ಲೈಸೆನ್ಸ್‌ದಾರರಿಗೆಲ್ಲ ಗೊತ್ತು. 2024ರ ಲೋಕಸಭಾ ಚುನಾವಣೆಯ ನೀತಿಸಂಹಿತೆ ಮಾರ್ಚ್ 16ಕ್ಕೆ ಜಾರಿಯಾಯಿತು, ದಾವಣಗೆರೆಯಲ್ಲಿ ಮತದಾನ ಮೇ 7ಕ್ಕೆ, ಎಣಿಕೆ ಜೂನ್ 4ಕ್ಕೆ. ಬೇಸಗೆಯಲ್ಲಿ ಕೊಟ್ಟ ಕೋವಿ ಮಳೆ ಶುರುವಾದ ಮೇಲೆ ಕೈಗೆ ಬರುತ್ತದೆ. ಕೊಡುವ ಹಿಂದಿನ ದಿನ ಬಿಚ್ಚಿ ಒರೆಸಿ ಎಣ್ಣೆ ಸವರಿ, ರಸೀದಿ ಜೋಪಾನ ಮಾಡಿ. ತಂದ ದಿನ ತೋಟಾ ಹಾಕುವ ಮೊದಲು ಕೊಳವೆಯ ತುದಿಯ ಮುಚ್ಚಳ ಬಿಚ್ಚಿ ಸ್ಪ್ರಿಂಗು ನೋಡಿ. ಬಿಚ್ಚುವಾಗ ಅಂಗೈ ಅಡ್ಡ ಇರಲಿ, ಸ್ಪ್ರಿಂಗು ಚಿಮ್ಮುತ್ತದೆ. ಕೊಳವೆಗೆ ಹೊರಗಿನಿಂದ ಪೆಟ್ಟು ಬಿದ್ದು ತಗ್ಗಾಗಿದ್ದರೆ ತೋಟಾ ಅಲ್ಲಿಗೇ ನಿಲ್ಲುತ್ತದೆ. ಬೆರಳಾಡಿಸಿದರೆ ತಿಳಿಯುತ್ತದೆ. ಎರಡು ತೋಟಾ ಹಿಡಿಸಿ ಮೂರನೆಯದು ಹೋಗುತ್ತಲೇ ಇಲ್ಲ ಅಂದರೆ ಅದು ಜಾಮ್ ಅಲ್ಲದೆಯೂ ಇರಬಹುದು. ಅಮೆರಿಕದಲ್ಲಿ ಹಕ್ಕಿ ಬೇಟೆಯ ನಿಯಮಕ್ಕಾಗಿ ಕೊಳವೆಯೊಳಗೆ ಒಂದು ಕೋಲು ಸೇರಿಸಿ ಕಳಿಸುತ್ತಾರೆ, ಆಮದಾದ ಕೋವಿಗಳಲ್ಲಿ ಅದು ಹಾಗೇ ಉಳಿದಿರಬಹುದು.

ಲೈಸೆನ್ಸಿನ ವಿಷಯ ಬಂತೆಂದು ಜಗಳೂರಿನವರಿಗೂ ಒಂದು ಮಾತು. ರಂಗಯ್ಯನದುರ್ಗದಲ್ಲಿ ಕೊಂಡುಕುರಿ ವನ್ಯಧಾಮ ಇದೆ. ವನ್ಯಧಾಮದ ಹತ್ತು ಕಿಲೋಮೀಟರ್ ಒಳಗೆ ವಾಸವಿದ್ದು ಕೋವಿ ಲೈಸೆನ್ಸ್ ಇರುವವರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು ಎಂದು 1972ರ ವನ್ಯಜೀವಿ ಕಾಯ್ದೆಯ 34ನೇ ಸೆಕ್ಷನ್ ಹೇಳುತ್ತದೆ. ಬೆಳೆ ರಕ್ಷಣೆಯ ಲೈಸೆನ್ಸ್ ಎಂದರೆ ಮೆಕ್ಕೆಜೋಳಕ್ಕೆ ನುಗ್ಗಿದ ಹಂದಿಯನ್ನು ಹೊಡೆಯಲು ಅನುಮತಿ ಎಂದೂ ಅರ್ಥವಲ್ಲ.

ತಡೆಪಟ್ಟಿ ಸವೆದಿದ್ದರೆ, ಬೋಲ್ಟಿನ ಉಗುರು ಮುರಿದಿದ್ದರೆ, ಚೇಂಬರಿನಲ್ಲಿ ತುಕ್ಕು ಹಳ್ಳ ಬಿದ್ದಿದ್ದರೆ ಅದು ಮನೆಯ ಕೆಲಸವಲ್ಲ. ಊರಿನ ಕುಲುಮೆಗೋ ಲೇತ್ ಅಂಗಡಿಗೋ ಒಯ್ಯುವ ಹಾಗೂ ಇಲ್ಲ. ಕೋವಿ ರಿಪೇರಿ ವೃತ್ತಿಗೆ 1959ರ ಆಯುಧ ಕಾಯ್ದೆಯ ಪ್ರಕಾರ ಬೇರೆಯೇ ಲೈಸೆನ್ಸ್ ಬೇಕು, ಅದಿರುವ ಅಂಗಡಿಗೇ ಹೋಗಬೇಕು. ಹೋಗುವಾಗ ನಿಮ್ಮ ಲೈಸೆನ್ಸ್ ಪುಸ್ತಕ ಜೊತೆಗಿರಲಿ, ಕೋವಿ ಖಾಲಿ ಇರಲಿ. ಸುಟ್ಟ ತೋಟಾ ಒಂದೆರಡು ಇದ್ದರೆ ಒಯ್ಯಿರಿ, ಅದರ ಅಂಚಿನ ಗೀರು ನೋಡಿಯೇ ಅವರು ಅರ್ಧ ರೋಗ ಹೇಳುತ್ತಾರೆ. ‘ಜಾಮ್ ಆಗುತ್ತೆ ಸ್ವಾಮಿ’ ಅಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಯಾವ ತೋಟಾ, ಎಷ್ಟು ಉದ್ದದ್ದು, ಕೊಳವೆಯಲ್ಲಿ ಎಷ್ಟನೆಯದು, ಪಂಪು ಎಲ್ಲಿ ನಿಂತಿತು, ತೋಟಾ ಎಲ್ಲಿ ಸಿಕ್ಕಿತ್ತು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.